ಹಿತ್ತಲ ತೋಟ: ರಸಬಾಳೆಯ ಕಂದನ್ನು ಅರಸುವ ಬಗೆ

ಮುಂಗಾರು ಸಮೀಪಿಸಿತೆಂದರೆ ಹಿತ್ತಲುಳ್ಳ ಗೃಹಸ್ಥರ ಮನಸ್ಸು ಗುದ್ದಲಿಯ ಕಡೆಗೆ ಹರಿಯುವುದು ಸಹಜವಷ್ಟೆ. ಈ ಸಲ ನಮಗೆ ಬಂದಿರುವ ಪತ್ರಗಳಲ್ಲಿ ಮೂರು ನಾಲ್ಕು ಒಂದೇ ವಿಷಯವನ್ನು ಕುರಿತಿವೆ. ಬಾಲ್ಯದಲ್ಲಿ ತಿಂದ ನಂಜನಗೂಡಿನ ರಸಬಾಳೆಯ ರುಚಿಯನ್ನು ಮರೆಯಲಾರದ ವಾಚಕರು, "ಪೇಟೆಯಲ್ಲಿ ಎಲ್ಲಿ ನೋಡಿದರೂ ಏಲಕ್ಕಿಬಾಳೆ, ಪಚ್ಚಬಾಳೆಗಳೇ ತುಂಬಿವೆ, ರಸಬಾಳೆಯ ಕಂದು ಎಲ್ಲಿ ದೊರೆತೀತು? ತಂದು ನೆಟ್ಟರೆ ಬಾಳೀತೆ?" ಎಂದು ಕೇಳಿದ್ದಾರೆ. ಈ ಎರಡು ಪ್ರಶ್ನೆಗಳಲ್ಲಿ ಎರಡನೆಯದೇ ಮುಖ್ಯವಾದುದು. ಹೇಗೋ ಒಂದು ಕಂದನ್ನು ಸಂಪಾದಿಸಿಬಿಡಬಹುದು; ಆದರೆ ಕೆಟ್ಟ ಕಂದನ್ನು ತಂದು ನೆಟ್ಟ ಮನೆಯವರು ಆ ಒಂದು ಗಿಡದ ಜತೆಗೆ ಹಿತ್ತಲಿನ ಮಣ್ಣನ್ನೂ ಕೆಡಿಸಿಕೊಳ್ಳುತ್ತಾರೆ. ನಾವೂ ನಮ್ಮ ಹಿತ್ತಲಿಗಾಗಿ ಈ ಬಾಳೆಯನ್ನು ಒಂದು ವರ್ಷಕ್ಕೂ ಮೇಲ್ಪಟ್ಟು ಅರಸಿದವರಾದುದರಿಂದ, ಕಂಡು ಕೇಳಿ ತಿಳಿದುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಂಜನಗೂಡು ಮೈಸೂರು ಜಿಲ್ಲೆಯಲ್ಲಿ ಕಪಿಲಾ ನದಿಯ ದಡದಲ್ಲಿರುವ ಪುಣ್ಯಕ್ಷೇತ್ರ. ಅದರ ಸುತ್ತಣ ಕರಿಯ ಜೇಡಿಮಣ್ಣಿನ ಭೂಮಿಯಲ್ಲಿ, ವಿಶೇಷವಾಗಿ ದೇವರಸನಹಳ್ಳಿಯ ಕಡೆಯಲ್ಲಿ, ಬೆಳೆದ ರಸಬಾಳೆಗೆ ಹಿಂದಿನಿಂದಲೂ ಪ್ರಸಿದ್ಧಿಯುಂಟು. ೨೦೦೫-೦೬ರಲ್ಲಿ ಈ ಹಣ್ಣಿಗೆ ಭೌಗೋಳಿಕ ಸೂಚಿಕೆ ಎಂಬ ರಾಜಮುದ್ರೆಯೂ ದೊರೆಯಿತು. ಆದಕಾರಣ ಆ ಸೀಮೆಯಲ್ಲಿ ಬೆಳೆದುದಕ್ಕೆ ಮಾತ್ರ 'ನಂಜನಗೂಡು ರಸಬಾಳೆ' ಎಂಬ ಹೆಸರು ನ್ಯಾಯವಾಗಿ ಸಲ್ಲತಕ್ಕದ್ದು. ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ನಾವು ಬೆಳೆಸಿಕೊಂಡದ್ದು ಜಾತಿಯಿಂದ ರಸಬಾಳೆಯೇ ಆದರೂ ಕಪಿಲೆಯ ಮಣ್ಣಿನ ಗುಣ ಅದಕ್ಕೆ ಬರುವುದೆಂದು ಹೇಳಲಾಗದು. ಇಷ್ಟನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ನಿರಾಶೆಗೆ ಎಡೆಯಿರುವುದಿಲ್ಲ.

ರಸಬಾಳೆಯನ್ನು ಗುರುತಿಸುವುದು ಹೇಗೆ? ಹಣ್ಣಿನ ತಿರುಳು ಬೆಳ್ಳಗೆ, ಮೃದುವಾಗಿ, ಹುಳಿಯ ಒಂದು ಎಳೆಯೊಡನೆ ಕೂಡಿದ ಸಿಹಿಯಾಗಿರುತ್ತದೆ. ಸುವಾಸನೆ ಕೋಣೆಯನ್ನೆಲ್ಲ ತುಂಬುತ್ತದೆ. ಮಾಗಿದಂತೆ ಸಿಪ್ಪೆ ಕಾಗದದಷ್ಟು ತೆಳುವಾಗಿ, ಅದರ ಮೇಲೆ ಕರಿಯ ಚುಕ್ಕೆಗಳು ಮೂಡುತ್ತವೆ. ಗಿಡವನ್ನು ನೋಡುವುದಾದರೆ, ದಿಂಡು ಹಳದಿ ಬೆರೆತ ಹಸುರಾಗಿದ್ದು ಅಲ್ಲಲ್ಲಿ ಕಂದುಬಣ್ಣದ ಮಚ್ಚೆಗಳಿರುತ್ತವೆ; ಎಲೆಯ ತೊಟ್ಟಿನ ಎರಡು ಅಂಚುಗಳೂ ಕೆಂಪಾಗಿರುತ್ತವೆ. ಈ ಕೆಂಪಂಚು ಗಿಡದ ಗುರುತುಗಳಲ್ಲಿ ಮೊದಲು ನೋಡತಕ್ಕದ್ದು. ಕೊಳ್ಳುವವರು ಇದನ್ನು ಮರೆಯಬಾರದು.

ಹೆಸರನ್ನು ಮಾತ್ರ ನಂಬಿ ಹೋದವರು ಮೋಸಹೋಗುವ ಸಂಭವ ಬಹಳ. ಈ ಬಾಳೆಯೇ ತಮಿಳುನಾಡಿನಲ್ಲಿ ರಸ್ತಾಳಿ, ಆಂಧ್ರದಲ್ಲಿ ಅಮೃತಪಾಣಿ, ಬಿಹಾರ ಅಸ್ಸಾಮುಗಳಲ್ಲಿ ಮಾಲಭೋಗ್, ಸಿಂಹಳದಲ್ಲಿ ಕೋಳಿಕುಟ್ಟು ಎಂದು ಕರೆಯಲ್ಪಡುತ್ತದೆ. ಕೇರಳದಲ್ಲಿ ಇದಕ್ಕೆ ಪೂವನ್ ಎಂದು ಹೆಸರು. ಆದರೆ ತಮಿಳುನಾಡಿನಲ್ಲಿ ಪೂವನ್ ಎಂದರೆ ಬೇರೊಂದು ಬಾಳೆ. ನಮ್ಮ ಏಲಕ್ಕಿಬಾಳೆ ಅಲ್ಲಿ ನೆಯ್ ಪೂವನ್ ಆಗುತ್ತದೆ. ಇದಕ್ಕಿಂತಲೂ ವಿನೋದವೇನೆಂದರೆ, ವಿದೇಶದ ಗ್ರಂಥಗಳಲ್ಲಿ 'ಮೈಸೂರು' ಎಂಬ ಹೆಸರಿನ ಬಾಳೆಯೊಂದುಂಟು. ಟ್ರಿನಿಡಾಡ್ ದ್ವೀಪದಲ್ಲಿ ಅದನ್ನು ಕೋಕೋ ಗಿಡಗಳಿಗೆ ನೆರಳಾಗಿ ನೆಡುತ್ತಿದ್ದರು. ಹೆಸರು ಮೈಸೂರಾದರೂ ಅದು ರಸಬಾಳೆಯಲ್ಲ, ತಮಿಳರ ಪೂವನ್ ಬಾಳೆ. ಆದ್ದರಿಂದ ಪರಊರಿನ ನೆಂಟರಿಗೆ ಕಂದನ್ನು ಕಳುಹಿಸೆಂದು ಬರೆಯುವವರು, ಆ ಊರಿನ ಹೆಸರನ್ನು ಕೇಳಿಕೊಂಡು, ಹಣ್ಣಿನ ಮತ್ತು ಗಿಡದ ಗುರುತುಗಳನ್ನೂ ಜತೆಗೆ ಬರೆಯುವುದು ಲೇಸು.

ಸಸ್ಯಗಳಿಗೆ ಲ್ಯಾಟಿನ್ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಸ್ವೀಡನ್ ದೇಶದ ಲಿನೀಯಸ್ ಪಂಡಿತನು ೧೭೫೯ರಲ್ಲಿ 'ಮ್ಯೂಸಾ ಸೇಪಿಯೆಂಟಮ್', ಎಂದರೆ ಜ್ಞಾನಿಗಳ ಬಾಳೆ, ಎಂದು ಒಂದಕ್ಕೆ ಹೆಸರಿಟ್ಟನು. ಅದು ನಮ್ಮ ರಸಬಾಳೆಯ ಗುಂಪಿಗೇ ಸೇರಿದ್ದೆಂದು ಅನಂತರದ ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಇಷ್ಟು ಗೌರವ ಪಡೆದ ಹಣ್ಣು ತನ್ನ ತವರಿನ ಪೇಟೆಯಲ್ಲಿಯೇ ಅಪರೂಪವಾದುದೇಕೆ?

ಇದಕ್ಕೆ ಕಾರಣ ಸೊರಗು ರೋಗ. ಪನಾಮಾ ರೋಗವೆಂದೂ ಇದಕ್ಕೆ ಹೆಸರುಂಟು. ೧೮೭೬ರಲ್ಲಿ ಆಸ್ಟ್ರೇಲಿಯದಲ್ಲಿ ಇದರ ವರ್ಣನೆ ಮೊದಲು ದಾಖಲಾಯಿತು. ಅನಂತರ ಮಧ್ಯ ಅಮೆರಿಕದ ತೋಟಗಳಲ್ಲಿ ಹಬ್ಬಿ, ಯೂರೋಪು ಅಮೆರಿಕಗಳ ಪೇಟೆಯನ್ನು ಆಳುತ್ತಿದ್ದ ಗ್ರೋ ಮಿಷೆಲ್ ಎಂಬ ಬಾಳೆಯನ್ನು ೧೯೬೦ರ ದಶಕದ ವೇಳೆಗೆ ವ್ಯಾಪಾರದಿಂದಲೇ ತೊಡೆದುಹಾಕಿತು. ಅದರ ಸ್ಥಾನಕ್ಕೆ ಬಂದದ್ದು ಕ್ಯಾವೆಂಡಿಷ್ ಬಾಳೆ. ನಮ್ಮ ಪಚ್ಚಬಾಳೆಯೂ ಅದೇ ಕುಲದ್ದು. ಗ್ರೋ ಮಿಷೆಲ್ ಬಾಳೆಯನ್ನು ಕೊಂದ ಪಂಗಡದ ರೋಗಕ್ಕೆ ಪಚ್ಚಬಾಳೆ ಜಗ್ಗುವುದಿಲ್ಲ. ರಸಬಾಳೆಯಾದರೋ ಸುಲಭವಾಗಿ ಬಲಿಯಾಗುತ್ತದೆ. ಏಲಕ್ಕಿಬಾಳೆಗೂ ಅದರ ಭಯ ತಪ್ಪಿದ್ದಲ್ಲ. ಪಚ್ಚಬಾಳೆಯನ್ನೂ ಬಿಡದ ಹೊಸ ಪಂಗಡವೊಂದು ಈಚಿನ ವರ್ಷಗಳಲ್ಲಿ ಬಿಹಾರದಲ್ಲಿ ಕಂಡಿರುವುದರಿಂದ ದೇಶದ ತೋಟಗಾರರೆಲ್ಲರೂ ಎಚ್ಚರದಿಂದಿರಬೇಕಾಗಿದೆ.

ಈ ರೋಗವನ್ನು ತರುವುದು ಮಣ್ಣಿನಲ್ಲಿರುವ ಫ್ಯುಸೇರಿಯಮ್ ಎಂಬ ಒಂದು ಬಗೆಯ ಬೂಷ್ಟು. ಅದು ಬೇರಿನ ಮೂಲಕ ಒಳಹೊಕ್ಕು, ನೀರು ಹರಿಯುವ ನಾಳಗಳನ್ನು ಮುಚ್ಚಿಬಿಡುತ್ತದೆ. ಪಾತಿಯಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಮೊದಲು ಕೆಳಗಿನ ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗುತ್ತವೆ. ಬಳಿಕ ತೊಟ್ಟಿನ ಬಳಿ ಮುರಿದು, ಉಟ್ಟ ಲಂಗದಂತೆ ದಿಂಡಿನ ಸುತ್ತ ಜೋತುಬೀಳುತ್ತವೆ. ಕೆಲವು ವೇಳೆ ದಿಂಡಿನ ಬುಡ ಉದ್ದಕ್ಕೆ ಸೀಳುತ್ತದೆ. ಗಿಡ ಸತ್ತ ಮೇಲೂ ರೋಗಬೀಜ ಮಣ್ಣಿನಲ್ಲಿ ದಶಕಗಳವರೆಗೆ ಉಳಿಯುತ್ತದೆ. ರೋಗ ಹತ್ತಿದ ಗಿಡವನ್ನು ಬದುಕಿಸುವ ಔಷಧ ಯಾವುದೂ ಇಲ್ಲ.

ಬಾಳೆಯ ಹುಟ್ಟೂ ಈ ವಿಪತ್ತಿಗೆ ಸಹಾಯಕವಾಗಿದೆ. ಮಾವಿನ ಓಟೆಯನ್ನು ನೆಟ್ಟರೆ ತಾಯಿಗಿಂತ ಭಿನ್ನವಾದ ಮರ ಹುಟ್ಟಬಹುದು. ಬಾಳೆಗೆ ಬೀಜವಿಲ್ಲದುದರಿಂದ ಕಂದೇ ಅದರ ವಂಶ. ಕಂದೆಂದರೆ ತಾಯಿಯ ಗೆಡ್ಡೆಯ ಒಂದು ತುಂಡು. ಹೀಗೆ ನೋಡಿದರೆ ಲೋಕದಲ್ಲಿರುವ ರಸಬಾಳೆಗಳೆಲ್ಲವೂ ಬಹುಕಾಲದಿಂದ ಹಂಚಿಹೋದ ಒಂದೇ ಗಿಡದ ಅಂಗಗಳಂತೆ. ತಾಯಿಯ ರುಚಿ ಕಂದಿಗೆ ತಪ್ಪದೆ ಬರುವಂತೆ ತಾಯಿಯ ದೌರ್ಬಲ್ಯವೂ, ತಾಯಿಗಂಟಿದ ರೋಗವೂ ತಪ್ಪದೆ ಬರುತ್ತವೆ. ರೋಗಿಯಾದ ತಾಯಿಯ ಕಂದು ಕೀಳುವಾಗ ಹಸುರಾಗಿ, ಲಕ್ಷಣವಾಗಿಯೇ ಇರುತ್ತದೆ. ನೆಟ್ಟ ಐದಾರು ತಿಂಗಳ ಮೇಲೆ ಅದರ ಗುಟ್ಟು ಬಯಲಾಗುತ್ತದೆ.

ಇನ್ನು ನಮ್ಮ ಹುಡುಕಾಟದ ಸಂಗತಿ. ಮೊದಲು ನಾವು ಹಣ್ಣಿನ ಪೇಟೆಗೆ ಹೋದೆವು. ಹಣ್ಣು ಎಲ್ಲಿಂದ ಬರುವುದೆಂಬುದನ್ನು ಹಣ್ಣಿನವರಲ್ಲದೆ ಇನ್ನಾರು ಬಲ್ಲರು? ಹಬ್ಬದ ಮುನ್ನ ಒಬ್ಬ ವ್ಯಾಪಾರಿಯ ಬಳಿ ನಿಜವಾದ ರಸಬಾಳೆಯ ಎರಡು ಗೊನೆಗಳು ಕಂಡವು. ಒಂದು ಚಿಪ್ಪನ್ನು ಕೊಂಡು, ಯಾವ ಹಳ್ಳಿಯಿಂದ ಬಂದಿತೆಂದು ವಿಚಾರಿಸಿ ಬರೆದುಕೊಂಡೆವು. ಹಣ್ಣನ್ನು ತಿಂದು ನೋಡಿ, ಆಮೇಲೆ ಗಿಡವನ್ನು ಹುಡುಕಿಕೊಂಡು ಹೋಗುವುದೇ ಉತ್ತಮವಾದ ಕ್ರಮ.

ಈ ನಡುವೆ ಸಸಿಗಳನ್ನು ಮಾರುವ ನರ್ಸರಿಯೊಂದರಲ್ಲಿ 'ರಸಬಾಳೆ' ಎಂದು ಚೀಟಿ ಕಟ್ಟಿದ ಗಿಡಗಳನ್ನು ಕಂಡೆವು. ಬೆಲೆಯೂ ಹೆಚ್ಚಾಗಿರಲಿಲ್ಲ. ಆದರೆ ಎಲೆಯ ತೊಟ್ಟನ್ನು ತಿರುವಿ ನೋಡಿದಾಗ ಅಂಚಿನಲ್ಲಿ ಕೆಂಪಿನ ಸುಳಿವೇ ಇರಲಿಲ್ಲ. ತಾಯಿಗಿಡ ಎಲ್ಲಿದೆಯೆಂದು ಕೇಳಿದರೆ, ಯಾವುದೋ ಊರಿನಿಂದ ಲಾರಿಯಲ್ಲಿ ಬಂದದ್ದೆಂದು ಉತ್ತರ ಬಂದಿತು. ನಾವು ಕೈಬೀಸಿಕೊಂಡು ಹಿಂದಿರುಗಿದೆವು. ತಾಯಿಯ ವಿಳಾಸ ತಿಳಿಯದ ಕಂದನ್ನು ಬೆಲೆ ಅಗ್ಗವೆಂದು ಕೊಳ್ಳಬಾರದು.

ಅನಂತರ ವ್ಯಾಪಾರಿ ಹೇಳಿದ ಹಳ್ಳಿಗೆ ಹೋಗಿ ವೃದ್ಧರಾದ ರೈತರೊಬ್ಬರನ್ನು ಕಂಡೆವು. ಅವರ ತೋಟದಲ್ಲಿ ಸುಮಾರು ೪೦ ಗಿಡಗಳಿದ್ದವು. ದೂರದಿಂದ ನೋಡಲು ಸೊಗಸಾಗಿದ್ದವು. "ಯಜಮಾನರೇ, ಎರಡು ಕಂದು ಕೊಡುತ್ತೀರಾ?" ಎಂದು ಕೇಳಿದೆವು. ಅವರು ಮಾತನಾಡದೆ ತೋಟದ ಮೂಲೆಯ ಒಂದು ಗಿಡದ ಬಳಿಗೆ ಕರೆದುಕೊಂಡು ಹೋಗಿ, ಮಚ್ಚಿನಿಂದ ಅದರ ಗೆಡ್ಡೆಯನ್ನು ಅಡ್ಡಲಾಗಿ ಕತ್ತರಿಸಿ ತೋರಿಸಿದರು. ಆರೋಗ್ಯವಾದ ಗೆಡ್ಡೆ ಒಳಗೆ ಬೆಳ್ಳಗಿರತಕ್ಕದ್ದು. ಅಲ್ಲಿ ಇಟ್ಟಿಗೆಯ ಬಣ್ಣದ ಚುಕ್ಕೆಗಳೂ ಗೆರೆಗಳೂ ಹರಡಿದ್ದವು.

"ಬೇಕಾದರೆ ಎರಡಲ್ಲ, ಹತ್ತು ಕಿತ್ತುಕೊಡಬಲ್ಲೆ ಸ್ವಾಮಿ," ಎಂದರು ಅವರು. "ಆದರೆ ಕಂದಿನ ಜತೆಗೆ ಈ ಕಾಯಿಲೆಯನ್ನೂ ನಿಮ್ಮ ಮನೆಗೆ ಕಳುಹಿಸಿದ ಪಾಪ ನನಗೆ ಬೇಡ. ನಮ್ಮಪ್ಪನ ಕಾಲದಲ್ಲಿ ಈ ಹೊಲವೆಲ್ಲ ರಸಬಾಳೆಯೇ. ಈಗ ಇಷ್ಟು ಉಳಿದಿದೆ. ಮುಂದಿನ ವರ್ಷ ಇಲ್ಲಿ ಭತ್ತ ಹಾಕುತ್ತೇನೆ."

ಬೇರೆ ಯಾರಾದರೂ ಆಗಿದ್ದರೆ ಹಣವನ್ನು ಪಡೆದು ಕಂದನ್ನು ಕೊಟ್ಟು ಸುಮ್ಮನಾಗುತ್ತಿದ್ದರೇನೋ. ತಮ್ಮ ಹೊಲದ ನಷ್ಟವನ್ನು ತಮ್ಮಲ್ಲಿಯೇ ನಿಲ್ಲಿಸಿಕೊಂಡು ಇತರರನ್ನು ಉಳಿಸಿದ ಆ ಹಿರಿಯರ ಧರ್ಮಬುದ್ಧಿಯನ್ನು ನಾವು ಮರೆಯಲಾರೆವು. ಎಡೆ ಬಿಟ್ಟು ಭತ್ತವನ್ನು ಬೆಳೆಯುವುದೂ ತಿಳಿವಳಿಕೆಯ ಕೆಲಸವೇ. ಗದ್ದೆಯಲ್ಲಿ ನಿಂತ ನೀರಿನಿಂದ ಮಣ್ಣಿನ ರೋಗಬೀಜ ತಗ್ಗುತ್ತದೆಂದು ತೋಟಗಾರಿಕೆಯನ್ನು ಬಲ್ಲವರು ಹೇಳುತ್ತಾರೆ. ಕೊನೆಗೆ ಆ ಹಿರಿಯರೇ ಮತ್ತೊಂದು ಹಳ್ಳಿಯ ದಾರಿಯನ್ನು ತೋರಿಸಿದರು. ಅಲ್ಲಿ ಹಿಂದೆಂದೂ ಬಾಳೆಯನ್ನು ಕಾಣದ ನೆಲದಲ್ಲಿ ಬೆಳೆದ, ಗೊನೆಯನ್ನು ಕಡಿದಾಗ ಗೆಡ್ಡೆ ಬೆಳ್ಳಗಿದ್ದ ಒಂದು ಗಿಡದಿಂದ ನಮಗೆ ಎರಡು ಕಂದುಗಳು ದೊರೆತವು.

ಎಲ್ಲರಿಗೂ ಇಷ್ಟು ಅಲೆಯಲು ಅವಕಾಶವಿರಲಾರದು. ಅಂಥವರು ಮೊದಲು ತಮ್ಮ ತಾಲ್ಲೂಕಿನ ತೋಟಗಾರಿಕೆ ಕಛೇರಿಯಲ್ಲಿ ವಿಚಾರಿಸಲಿ. ತಮಿಳುನಾಡಿನ ತಿರುಚಿನಾಪಳ್ಳಿಯಲ್ಲಿ ೧೯೯೩ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದಲ್ಲಿ ದೇಶದ ನಾನಾ ಬಾಳೆಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಂಗಾಂಶ ಕೃಷಿಯಿಂದ, ಎಂದರೆ ಗಿಡದ ಎಳೆಯ ಕುಡಿಯನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಪಡೆದ ಸಸಿಗಳೂ ಉಂಟು. ಶುದ್ಧವಾದ ತಾಯಿಯಿಂದ ಮಾಡಿದ ಇಂಥ ಸಸಿ ಮಣ್ಣಿನ ರೋಗವನ್ನು ಹೊತ್ತು ಬರುವುದಿಲ್ಲವೆಂಬುದು ದೊಡ್ಡ ಅನುಕೂಲ. ಆದರೆ ರೋಗವನ್ನು ತಡೆಯುವ ಶಕ್ತಿ ಅದಕ್ಕೆ ಹೊಸದಾಗಿ ಬಂದಿರುವುದಿಲ್ಲ. ಕೆಟ್ಟ ಮಣ್ಣಿನಲ್ಲಿ ನೆಟ್ಟರೆ ಅದೂ ಸೊರಗುತ್ತದೆ.

ಕಂದನ್ನೇ ತರುವವರು ಈ ಅಂಶಗಳನ್ನು ಗಮನಿಸಬೇಕು. ಕಂದುಗಳಲ್ಲಿ ಎರಡು ಬಗೆ. ಕತ್ತಿಯಂತೆ ಕಿರಿದಾದ ಎಲೆ, ದಪ್ಪವಾದ ಬುಡವುಳ್ಳದ್ದು ಕತ್ತಿಗಂದು. ಚಿಕ್ಕಂದಿನಲ್ಲಿಯೇ ಅಗಲವಾದ ಎಲೆ ಬಿಟ್ಟು ಬುಡ ಸಣ್ಣಗಿರುವುದು ನೀರುಗಂದು. ನೀರುಗಂದು ನೋಟಕ್ಕೆ ಚೆಲುವಾದರೂ ಗೊನೆ ದುರ್ಬಲ. ಮೂರು ತಿಂಗಳ ವಯಸ್ಸಿನ, ಒಂದೂವರೆ ಎರಡು ಕಿಲೋ ತೂಕದ ಗೆಡ್ಡೆಯುಳ್ಳ ಕತ್ತಿಗಂದನ್ನೇ ಆರಿಸಬೇಕು. ಆ ತೋಟದ ಮಣ್ಣಿನ ಒಂದು ಹೆಂಟೆಯನ್ನೂ ಮನೆಗೆ ತರಬಾರದು. ಬೇರುಗಳನ್ನು ಸವರಿ, ಗೆಡ್ಡೆಯ ಮೇಲ್ಪದರವನ್ನು ತೆಳುವಾಗಿ ಕೆತ್ತಿ, ತೊಳೆದು ನೋಡಿದರೆ ಕೊರಕಹುಳುವಿನ ತೂತುಗಳಿದ್ದಲ್ಲಿ ಆಗಲೇ ತಿಳಿಯುತ್ತವೆ. ಕೆತ್ತಿದ ಕಡೆಯಲ್ಲಿ ಕೆಂಪು ಚುಕ್ಕೆ ಒಂದು ಕಂಡರೂ ಆ ಕಂದನ್ನು ಅಲ್ಲಿಯೇ ಬಿಟ್ಟು ಬರುವುದು ಜಾಣತನ. ಎಲೆಗಳು ಕಿರಿದಾಗಿ, ನೆಟ್ಟಗೆ, ತುದಿಯಲ್ಲಿ ಗೊಂಚಲಾಗಿ ನಿಂತಿರುವ ಗಿಡದ ಕಂದೂ ಬೇಡ. ಅದು ಹೇನುಗಳಿಂದ ಹರಡುವ ಬೇರೊಂದು ರೋಗದ ಚಿಹ್ನೆ.

ನೆಡುವ ಸ್ಥಳದ ವಿಚಾರದಲ್ಲಿ ನಮ್ಮ ಮನೆಗಳ ಒಂದು ರೂಢಿಯನ್ನು ಈ ಬಾಳೆಯ ಮಟ್ಟಿಗೆ ಬಿಡಬೇಕಾಗುತ್ತದೆ. ಬಚ್ಚಲ ನೀರು ಹರಿಯುವ ಕಡೆ ಬಾಳೆಯನ್ನು ಸಾಲಾಗಿ ನೆಡುವುದು ನಮ್ಮ ಹಿರಿಯರ ಮಿತವ್ಯಯದ ಕ್ರಮ. ನೀರು ವ್ಯರ್ಥವಾಗದೆ ಊಟದ ಎಲೆ, ದಿಂಡು, ಹೂ, ಹಣ್ಣುಗಳಾಗುತ್ತಿತ್ತು. ಆದರೆ ಒಂದು ಬುಡದಿಂದ ಇನ್ನೊಂದಕ್ಕೆ ಹರಿಯುವ ಆ ಕಾಲುವೆಯೇ ಸೊರಗು ರೋಗಕ್ಕೆ ರಾಜಮಾರ್ಗವಾಗುತ್ತದೆ. ನೀರು ನಿಲ್ಲುವ ನೆಲವೂ ರಸಬಾಳೆಗೆ ಒಗ್ಗದು. ಆದುದರಿಂದ ಬಚ್ಚಲ ಸಾಲನ್ನು ಎಲೆಗಾಗಿ ಬೇರೆ ಜಾತಿಯ ಬಾಳೆಗೆ ಬಿಟ್ಟು, ರಸಬಾಳೆಗೆ ಹಿಂದೆ ಬಾಳೆಯಿರದ, ನೀರು ಬಸಿದುಹೋಗುವ, ಬಿಸಿಲು ಬೀಳುವ ಮೂಲೆಯೊಂದನ್ನು ಕೊಡಬೇಕು. ಅದಕ್ಕೆ ಹಾಕುವ ನೀರು ಬೇರೆ ಬುಡಗಳನ್ನು ದಾಟಿ ಬಂದದ್ದಾಗಿರಬಾರದು.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಯನ್ನು ತೆಗೆದು ಎರಡು ವಾರ ಬಿಸಿಲಿಗೆ ಬಿಡಿ. ಬಳಿಕ ಸುಮಾರು ೧೦ ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಕಾಲು ಕಿಲೋ ಬೇವಿನ ಹಿಂಡಿಯನ್ನೂ ಮಣ್ಣಿನೊಡನೆ ಬೆರೆಸಿ ತುಂಬಿ. ಟ್ರೈಕೋಡರ್ಮಾ ಎಂಬ ಉಪಕಾರಿ ಬೂಷ್ಟಿನ ಪುಡಿ ದೊರೆತರೆ ಗೊಬ್ಬರದಲ್ಲಿ ಕಲಸಬಹುದು; ಅದು ರೋಗದ ಬೂಷ್ಟಿಗೆ ಎದುರಾಳಿ. ಗಿಡದಿಂದ ಗಿಡಕ್ಕೆ ಆರೇಳು ಅಡಿ ಅಂತರವಿರಲಿ. ತಾಯಿ ಹೂಬಿಡುವವರೆಗೆ ಪಕ್ಕದ ಕಂದುಗಳನ್ನು ನೆಲಮಟ್ಟದಲ್ಲಿ ಕತ್ತರಿಸುತ್ತ ಬಂದು, ಆಮೇಲೆ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕು. ಒಲೆಯ ಬೂದಿ ಈ ಗಿಡಕ್ಕೆ ಹಿತ. ಗೊನೆ ಬಂದಾಗ ಬಿದಿರಿನ ಆಸರೆ ಕೊಟ್ಟು, ಬಿಸಿಲಿಗೆ ಸಿಪ್ಪೆ ಸೀಳದಂತೆ ಒಣಗಿದ ಬಾಳೆಯೆಲೆಯನ್ನು ಹೊದಿಸುವುದು ಒಳ್ಳೆಯದು. ನೆಟ್ಟ ೧೩ ರಿಂದ ೧೫ ತಿಂಗಳಿಗೆ ಗೊನೆ ಕಡಿಯಲು ಬರುತ್ತದೆ.

ಇಷ್ಟೆಲ್ಲ ಮಾಡಿಯೂ ರೋಗ ಬಂದರೆ? ಆಗ ಮೋಹಪಡಬಾರದು. ಗಿಡವನ್ನು ಗೆಡ್ಡೆ ಬೇರು ಸಹಿತ ಅಗೆದು, ಎಳೆದಾಡದೆ ಅಲ್ಲಿಯೇ ಸುಡಬೇಕು. ತಿಪ್ಪೆಗೆ ಹಾಕಿದರೆ ಗೊಬ್ಬರದ ಜತೆಯಲ್ಲಿ ರೋಗ ತೋಟವನ್ನೆಲ್ಲ ಸುತ್ತುತ್ತದೆ. ಗುಣಿಗೆ ಒಂದೆರಡು ಕಿಲೋ ಸುಣ್ಣವನ್ನು ಹಾಕಿ ಮುಚ್ಚಿ, ಗುದ್ದಲಿ ಮಚ್ಚುಗಳನ್ನು ತೊಳೆದು ಬೆಂಕಿಗೆ ಹಿಡಿಯಬೇಕು. ಆ ಜಾಗದಲ್ಲಿ ಮತ್ತೆ ಬಾಳೆಯ ಮಾತನ್ನೆತ್ತದೆ ತೊಂಡೆಯನ್ನೋ ಕರಿಬೇವನ್ನೋ ಬೆಳೆಸಿಕೊಳ್ಳಬಹುದು. ಆ ಬುಡದ ಕಂದನ್ನು ಯಾರು ಎಷ್ಟು ಬೇಡಿದರೂ ಕೊಡಕೂಡದು.

ಗೃಹಿಣಿಯರಿಗೆ ಒಂದು ಸೂಚನೆ. ರಸಬಾಳೆ ಪೂರ್ತಿ ಮಾಗುವುದಕ್ಕೆ ಮುಂಚೆ ಒಗರಾಗಿರುತ್ತದೆ. ಹಳದಿಯಾಯಿತೆಂದು ಅವಸರಪಟ್ಟು ಎಲೆಗೆ ಬಡಿಸಿದರೆ ಹಣ್ಣಿಗೆ ಕೆಟ್ಟ ಹೆಸರು ಬರುತ್ತದೆ. ಸಿಪ್ಪೆ ತೆಳುವಾಗಿ ಚುಕ್ಕೆ ಮೂಡುವವರೆಗೆ ಕಾಯಬೇಕು. ಮಾಗಿದ ಹಣ್ಣು ಚಿಪ್ಪಿನಿಂದ ತಾನಾಗಿಯೇ ಕಳಚಿ ಬೀಳುವುದರಿಂದ ತೂಗಹಾಕಿದ ಗೊನೆಯ ಕೆಳಗೆ ಹುಲ್ಲನ್ನೋ ಹಳೆಯ ಬಟ್ಟೆಯನ್ನೋ ಹಾಸಿರಲಿ. ಕೆಲವು ಹಣ್ಣುಗಳ ತಿರುಳಿನಲ್ಲಿ ಗಟ್ಟಿಯಾದ ಗಂಟುಗಳಿರುವುದುಂಟು. ಅದು ಈ ಜಾತಿಯ ಸ್ವಭಾವದೋಷ. ಅದಕ್ಕಾಗಿ ಗಿಡವನ್ನು ಕೀಳಬೇಕಾಗಿಲ್ಲ. ಬೆಲ್ಲ, ತೆಂಗಿನ ಹಾಲು ಬೆರೆಸಿ ಮಾಡಿದ ರಸಾಯನಕ್ಕೂ ಹಾಲು ಸಕ್ಕರೆಯ ಸೀಕರಣೆಗೂ ಇದಕ್ಕೆ ಸಮನಾದ ಹಣ್ಣು ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಎಕರೆಗಟ್ಟಲೆ ಇದೊಂದನ್ನೇ ಬೆಳೆಯುವ ರೈತನಿಗೆ ರೋಗ ಬಂದರೆ ವರ್ಷದ ಸಂಪಾದನೆಯೇ ಹೋಗುತ್ತದೆ; ಅವನು ಏಲಕ್ಕಿಯ ಕಡೆಗೋ ಪಚ್ಚಬಾಳೆಯ ಕಡೆಗೋ ತಿರುಗಿದರೆ ತಪ್ಪೆಣಿಸಲಾಗದು. ಹಿತ್ತಲಿನಲ್ಲಿ ಎರಡು ಬುಡ ಇಟ್ಟುಕೊಳ್ಳುವ ನಮಗೆ ಆ ಭಯವಿಲ್ಲ. ಒಂದು ಮನೆಯ ಹಿತ್ತಲಿಗೂ ಇನ್ನೊಂದಕ್ಕೂ ನಡುವೆ ಇರುವ ಗೋಡೆ, ಬೀದಿ, ಬಾವಿಗಳೇ ರೋಗಕ್ಕೆ ಅಡ್ಡಿಯಾಗಿ ನಿಲ್ಲುತ್ತವೆ. ಊರಿನ ಹತ್ತು ಮನೆಗಳಲ್ಲಿ ಶುದ್ಧವಾದ ಎರಡೆರಡು ಬುಡಗಳಿದ್ದರೆ, ಒಂದೆರಡು ಹೋದರೂ ಜಾತಿ ಉಳಿಯುತ್ತದೆ. ಆದುದರಿಂದ ನಿಮ್ಮ ಗಿಡದ ಮೊದಲ ಗೊನೆಯನ್ನು ಕಡಿದ ದಿನ ಗೆಡ್ಡೆಯನ್ನು ಕೊಯ್ದು ನೋಡಿ. ಬೆಳ್ಳಗಿದ್ದರೆ ಒಂದು ಕಂದನ್ನು ನೀವಿಟ್ಟುಕೊಂಡು, ಉಳಿದವನ್ನು ಮಣ್ಣು ತೊಳೆದು ಹತ್ತಿರದ ಮನೆಗಳಿಗೆ ಹಂಚಿರಿ.

ಮುಂದಿನ ತಿಂಗಳು, ಮಳೆ ಹಿಡಿದಾಗ ತೊಂಡೆಯ ಬಳ್ಳಿಗೆ ಚಪ್ಪರ ಹಾಕುವ ವಿಚಾರವನ್ನು ಬರೆಯುವೆವು.